ಗುಳಮಾವು ಹೂ ಬಿಟ್ಟ ವರ್ಷ

ಜನವರಿ 11

ಮೇಲಿನ ಸೊಪ್ಪಿನಬೆಟ್ಟದ ಗುಳಮಾವು ಹೂ ಬಿಟ್ಟಿದೆ. ಕೆಳಗೆ ನಿಂತು ನೋಡಿದರೆ ಹೂವೆಂದು ಗೊತ್ತಾಗುವುದೇ ಇಲ್ಲ. ಕೊಂಬೆಯ ತುದಿಗೆ ಒತ್ತೊತ್ತಾಗಿ ಕೂತ ಎಲೆಗಳ ಮಧ್ಯೆ ತಿಳಿಹಳದಿ ಬಣ್ಣ ಇಣುಕುತ್ತದೆ, ಅಷ್ಟೆ. ತಮ್ಮ ದೋಟಿ ಹಾಕಿ ಒಂದು ಗೊಂಚಲು ಇಳಿಸಿಕೊಟ್ಟ. ಮನೆಗೆ ತಂದು ಭೂತಗನ್ನಡಿಯಡಿ ಇಟ್ಟೆ.

ಆರು ಎಸಳು, ಮೂರರ ಎರಡು ಸುತ್ತು. ಒಳಗೆ ಒಂಬತ್ತು ಕೇಸರ. ನೋಡಬೇಕಾದದ್ದು ಪರಾಗಕೋಶವನ್ನು. ದಾಸವಾಳ, ತುಂಬೆಯಲ್ಲಿ ಅದು ಉದ್ದಕ್ಕೆ ಸೀಳಿಕೊಳ್ಳುತ್ತದೆ. ಇಲ್ಲಿ ಹಾಗಲ್ಲ, ಪುಟ್ಟ ಪುಟ್ಟ ಮುಚ್ಚಳಗಳು ಮೇಲಕ್ಕೆ ಮಡಚಿಕೊಂಡು ಬಾಯಿ ಬಿಡುತ್ತವೆ. ಒಂದೊಂದು ಕೋಶಕ್ಕೆ ನಾಲ್ಕು ಮುಚ್ಚಳ. ಲಾರೇಸಿ ಕುಟುಂಬದ ಗುರುತು ಇದು. ದಾಲ್ಚಿನ್ನಿ, ಕರ್ಪೂರದ ಮರ, ಪಲಾವಿನ ಎಲೆ, ಬೆಣ್ಣೆಹಣ್ಣು ಎಲ್ಲ ಇದೇ ಮನೆತನದವು. ಹಿಂದಿನ ಸಸ್ಯಶಾಸ್ತ್ರದ ಪುಸ್ತಕಗಳಲ್ಲಿ ನಮ್ಮ ಗುಳಮಾವು ಮ್ಯಾಕಿಲಸ್ ಮ್ಯಾಕ್ರಾಂತಾ. ಆಮೇಲೆ ಕಾಸ್ಟರ್‌ಮನ್ಸ್ ಎಂಬ ವಿಜ್ಞಾನಿ ಅದನ್ನು ಬೆಣ್ಣೆಹಣ್ಣಿನ ಜೊತೆ ಪರ್ಸಿಯಾ ಕುಲಕ್ಕೆ ಸೇರಿಸಿದರು. ಈಗ ಕೆಲವರು ಮತ್ತೆ ಮ್ಯಾಕಿಲಸ್ ಎನ್ನುತ್ತಾರೆ.

ಮೂವತ್ತು ಮೀಟರಿನವರೆಗೂ ಬೆಳೆಯಬಲ್ಲ ಮರ. ಇಂಥ ಬಲಿತ ಮರ ನಮ್ಮ ಬೆಟ್ಟದಲ್ಲಿ ಇದೊಂದೇ ಉಳಿದಿದೆ. ಅಪ್ಪನ ಕಾಲದಲ್ಲಿ ಹೀಗಿರಲಿಲ್ಲ.

ಜನವರಿ 24

ಗುಡ್ಡದ ಆಚೆ ಮಗ್ಗುಲಿಗೆ ಹೋಗಿ ಬಂದೆ. ಅಲ್ಲಿ ಸತ್ತು ನಿಂತ ಗುಳಮಾವುಗಳಿವೆ. ಆಳೆತ್ತರದವರೆಗೆ ಕಾಂಡದ ಸುತ್ತ ತೊಗಟೆಯೇ ಇಲ್ಲ. ಕತ್ತಿಯ ಗುರುತು ಕಟ್ಟಿಗೆಯ ಮೇಲೆ ಇನ್ನೂ ಕಾಣುತ್ತದೆ. ಒಂದು ಮರದ ಬುಡದಿಂದ ಚಿಗುರು ಹೊರಟು ಮೊಣಕಾಲಿನ ಎತ್ತರ ಬಂದಿತ್ತು. ಅದನ್ನೂ ದನ ತಿಂದಿದೆ.

ಮರ ಹೀಗೆ ಸಾಯುವ ಬಗೆಯನ್ನು ಮಕ್ಕಳಿಗೆ ಎಷ್ಟೋ ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ಪಾಠ ಮಾಡಿದ್ದೇನೆ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದಲ್ಲಿ. ನೀರು ಏರುವುದು ಕಟ್ಟಿಗೆಯಲ್ಲಿ. ಸುತ್ತಲೂ ತೊಗಟೆ ತೆಗೆದರೂ ನೀರಿನ ದಾರಿ ತೆರೆದೇ ಇರುತ್ತದೆ, ಎಲೆ ಹಸಿರಾಗಿಯೇ ಕಾಣುತ್ತದೆ. ಸುಲಿದವನು ತಿರುಗಿ ನೋಡಿ, ಏನೂ ಆಗಲಿಲ್ಲವಲ್ಲ ಅಂದುಕೊಂಡು ಮುಂದಿನ ಮರಕ್ಕೆ ಹೋಗುತ್ತಾನೆ. ಕೆಳಗೆ ಬೇರು ಉಪವಾಸ ಬಿದ್ದಿರುತ್ತದೆ. ತನ್ನಲ್ಲಿ ಕೂಡಿಟ್ಟದ್ದು ತೀರಿದ ಮೇಲೆ ಬೇರು ಸಾಯುತ್ತದೆ, ಆಮೇಲೆ ನೀರೂ ಏರುವುದಿಲ್ಲ. ಅಷ್ಟು ಹೊತ್ತಿಗೆ ಸುಲಿದವರು ಯಾರು, ಕೊಂಡವರು ಯಾರು ಎಂದು ಕೇಳುವವರೇ ಇರುವುದಿಲ್ಲ.

ಪುಸ್ತಕದ ಚಿತ್ರಕ್ಕೂ ಕಣ್ಣೆದುರಿನ ಈ ಮರಗಳಿಗೂ ನಡುವೆ ಬಹಳ ದೂರ. ಸಿಟ್ಟು ಬಂತು. ಇಲ್ಲಿ ಬರೆಯುವಾಗಲೂ ಅದು ಇಳಿದಿಲ್ಲ.

ಜನವರಿ 25

ಅಡಿಕೆ ಕೊಯ್ಲಿಗೆ ಬರುವ ಹಿರಿಯರನ್ನು ಆ ಸುಲಿದ ಮರಗಳ ಬಗ್ಗೆ ಕೇಳಿದೆ. ಚಾ ಲೋಟ ಕೆಳಗಿಟ್ಟು ಹೇಳಿದರು: "ಅಮ್ಮಾ, ನಾನೂ ಸುಲಿದಿದ್ದೆ. ಆಗ ಪ್ರಾಯ. ಲಾರಿ ಬಂದು ರಸ್ತೆ ಮೇಲೆ ನಿಲ್ತಿತ್ತು. ತೂಕದ ಲೆಕ್ಕ, ಕೈಮೇಲೆ ದುಡ್ಡು. ಮಳೆಗಾಲಕ್ಕೆ ಮುಂಚೆ ಮನೇಲಿ ಅಕ್ಕಿ ಇರ್ತಿರ್ಲಿಲ್ಲ."

ಎಲ್ಲ ಮರವನ್ನೂ ಸುತ್ತ ಸುಲಿಯುತ್ತಿದ್ದಿರಾ ಅಂದೆ. "ಬಿಟ್ಟರೆ ನಾಳೆ ಇನ್ನೊಬ್ಬ ಬಂದು ಸುಲೀತಿದ್ದ. ಮತ್ತೆಂತಕ್ಕೆ ಬಿಡೋದು?"

ಅವರ ಮೇಲೆ ನನಗೆ ಬೇಸರ ಬರಲಿಲ್ಲ. ಅವರ ಮಾತಿನಲ್ಲಿ ಇಡೀ ಕಥೆ ಇದೆ. ಯಾರದೂ ಅಲ್ಲದ ಮರಕ್ಕೆ ತೂಕದ ಮೇಲೆ ಬೆಲೆ ಕಟ್ಟಿದರೆ, ಒಂದು ಪಟ್ಟಿ ತೊಗಟೆ ಉಳಿಸುವವನಿಗೆ ನಷ್ಟ, ಪೂರ್ತಿ ಸುಲಿಯುವವನಿಗೆ ಲಾಭ. ಬೆಂಗಳೂರಿನ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆ ತಜ್ಞರನ್ನು ಕೂಡಿಸಿ ದಕ್ಷಿಣ ಭಾರತದ ಔಷಧೀಯ ಗಿಡಮರಗಳ ಸ್ಥಿತಿ ಅಳೆದಾಗ ಗುಳಮಾವೂ ಆತಂಕದ ಪಟ್ಟಿಗೆ ಸೇರಿತು. ಗುಳಮಾವು ಹುಟ್ಟಿನಿಂದ ಅಪರೂಪದ ಮರವಲ್ಲ. ಪಶ್ಚಿಮಘಟ್ಟದ ಉದ್ದಕ್ಕೂ ಬೆಳೆಯಬಲ್ಲ ಮರ. ಅದನ್ನು ಅಪರೂಪ ಮಾಡಿದ್ದು ಕೊಳ್ಳುವ ಬೆಲೆ, ಕೊಳ್ಳುವ ರೀತಿ.

ಫೆಬ್ರವರಿ 8, ಮೈಸೂರು

ಸುಲಿದ ತೊಗಟೆ ಅಂಟಾಗಿ ಸೇರುವುದು ಊದಿನಕಡ್ಡಿಗೆ. ಅತ್ತೆಯ ಮನೆಯ ಹಿಂದಿನ ಬೀದಿಯಲ್ಲಿ ಆ ಕಡ್ಡಿ ಹೊಸೆಯುವ ಹೆಂಗಸರಿದ್ದಾರೆ. ಅತ್ತೆಗೆ ಅವರೆಲ್ಲ ಪರಿಚಯ. ಬೆಳಿಗ್ಗೆ ಒಬ್ಬರ ಮನೆಗೆ ಕರೆದುಕೊಂಡು ಹೋದರು.

ಇದ್ದಿಲ ಪುಡಿ, ಮರದ ಪುಡಿ, ಜಿಗಟು ಪುಡಿ. ಮೂರನ್ನೂ ನೀರು ಹಾಕಿ ನಾದುತ್ತಾರೆ. ಚಪಾತಿ ಹಿಟ್ಟಿನ ಹದ ಬರಬೇಕು; ಗಟ್ಟಿಯಾದರೆ ಕಡ್ಡಿಯಿಂದ ಸಿಡಿಯುತ್ತದೆ, ಸಡಿಲವಾದರೆ ಜಾರುತ್ತದೆ. ಗಿಡ್ಡ ಮಣೆಯ ಮೇಲೆ ಬಿದಿರಕಡ್ಡಿ ಇಟ್ಟು, ಅದರ ಮೇಲೆ ಹಿಟ್ಟು ಇಟ್ಟು ಅಂಗೈಯಿಂದ ಒಮ್ಮೆ ಹೊಸೆದರೆ ಕಡ್ಡಿ ತಯಾರು. ಅವರ ಕೈ ಓಡುವ ವೇಗಕ್ಕೆ ನನ್ನ ಕಣ್ಣು ಸಾಲಲಿಲ್ಲ. ಒಣಗಿದ ಕಡ್ಡಿಗೆ ಸುವಾಸನೆಯೇ ಇರುವುದಿಲ್ಲ. ಪರಿಮಳದ ಎಣ್ಣೆಯಲ್ಲಿ ಅದ್ದುವುದು ಬೇರೆ ಕಡೆ, ಕಂಪನಿಯಲ್ಲಿ.

ಜಿಗಟು ಪುಡಿಯನ್ನು ಬೆರಳಿಗೆ ತಗೊಂಡು ನೀರು ಸೋಕಿಸಿದೆ. ಕ್ಷಣದಲ್ಲಿ ಲೋಳೆಯಾಯಿತು. ಗುಳಮಾವಿನ ತೊಗಟೆಯ ಗುಣವೇ ಅದು. ಅಂಟುತ್ತದೆ, ಉರಿಯುವಾಗ ತನ್ನದೊಂದು ವಾಸನೆ ಸೇರಿಸುವುದಿಲ್ಲ. ಮೈದಾ ಹಿಟ್ಟಿನ ಗೋಂದು ಹಾಕಿದರೆ ಸುಟ್ಟ ವಾಸನೆ ಪರಿಮಳವನ್ನು ಕೆಡಿಸುತ್ತದೆ. ಅದಕ್ಕೇ ಈ ಉದ್ಯಮಕ್ಕೆ ತೊಗಟೆ ಬಿಟ್ಟರೆ ಸುಲಭದಲ್ಲಿ ಬೇರೆ ದಾರಿ ಸಿಗಲಿಲ್ಲ. ಗುಳಮಾವಿನದೇ ಕುಟುಂಬದ ಇನ್ನೊಂದು ಮರ ಲಿಟ್ಸಿಯಾ ಗ್ಲುಟಿನೋಸಾ, ಗ್ರಂಥಿಗೆ ಅಂಗಡಿಯಲ್ಲಿ ಮೈದಾ ಲಕಡಿ ಎಂದು ಸಿಗುವುದು ಅದರ ತೊಗಟೆ. ಜಿಗಟಿಗೆ ಅದೂ ಬಲಿಯಾಯಿತು. ನಮ್ಮ ಕಾಡಿನಲ್ಲಿ ಎರಡೂ ಕಡಿಮೆಯಾದ ಮೇಲೆ ವ್ಯಾಪಾರಿಗಳು ವಿಯೆಟ್ನಾಂ ಕಡೆ ತಿರುಗಿದರು.

"ಈ ಪುಡಿ ಎಲ್ಲಿಂದ ಬರುತ್ತೆ ಗೊತ್ತಾ?" ಎಂದು ಆ ಹೆಣ್ಣುಮಗಳನ್ನು ಕೇಳಿದೆ. "ಏಜೆಂಟು ಮೂಟೇಲಿ ತಂದು ಹಾಕ್ತಾರೆ ಅಕ್ಕ. ಅದರ ಹಿಂದಿನದು ನಮಗೇನು ಗೊತ್ತು." ಮೈಸೂರು ಅಗರಬತ್ತಿಗೆ 2005ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಬಂತು. ಊರಿನ ಹೆಸರಿಗೆ ರಕ್ಷಣೆ ಸಿಕ್ಕಿದ್ದು ಒಳ್ಳೆಯದೇ. ಕಡ್ಡಿಗೆ ಅಂಟು ಕೊಟ್ಟ ಮರಕ್ಕೂ ಒಂದು ರಕ್ಷಣೆ ಬೇಕಿತ್ತು.

ಫೆಬ್ರವರಿ 10

ವಾಪಸು ಬರುವಾಗ ಬಸ್ಸಿನಲ್ಲಿ ಇದೇ ಯೋಚನೆ. ಜಪಾನಿನಲ್ಲಿ ಗುಳಮಾವಿನ ಹತ್ತಿರದ ನೆಂಟ ಮರವೊಂದಿದೆ, ಮ್ಯಾಕಿಲಸ್ ಥುನ್‌ಬರ್ಗಿ. ಅವರು ತಾಬು ಅನ್ನುತ್ತಾರೆ. ಅಲ್ಲಿನ ಧೂಪದ ಕಡ್ಡಿಗೆ ಅಂಟು ಆ ಮರದ್ದೇ. ತೊಗಟೆಯನ್ನಷ್ಟೇ ಅಲ್ಲ, ಎಲೆಯನ್ನೂ ಪುಡಿ ಮಾಡಿ ಬಳಸುತ್ತಾರೆ. ಎರಡು ದೇಶ, ಎರಡು ಬೇರೆ ಬೇರೆ ಪೂಜೆ, ಅಂಟಿಗೆ ಮಾತ್ರ ಒಂದೇ ಕುಲದ ಮರ. ಎಲೆ ಕೊಯ್ದರೆ ಮರ ಮತ್ತೆ ಚಿಗುರುತ್ತದೆ.

ವಿಯೆಟ್ನಾಂನವರು ಮಧ್ಯದ ಬೆಟ್ಟಸೀಮೆಯಲ್ಲಿ ಲಿಟ್ಸಿಯಾವನ್ನು ತೋಟದ ಬೆಳೆಯಾಗಿಯೇ ಬೆಳೆಯುತ್ತಾರೆ. ಕೆಲವು ವರ್ಷ ಬೆಳೆಸಿ, ಕಡಿದು, ತೊಗಟೆ ತೆಗೆದು ಮಾರುತ್ತಾರೆ. ಬೊಡ್ಡೆ ಮತ್ತೆ ಚಿಗುರುತ್ತದೆ. ಮರ ರೈತನದು, ಹಾಗಾಗಿ ಮುಂದಿನ ಕೊಯ್ಲೂ ಅವನ ಲೆಕ್ಕದಲ್ಲಿರುತ್ತದೆ. ಅಡಿಕೆ, ಕಾಳುಮೆಣಸು, ಏಲಕ್ಕಿಯನ್ನು ತಲೆತಲಾಂತರದಿಂದ ಕಾಪಾಡಿಕೊಂಡು ಬಂದ ನಮ್ಮ ಮಲೆನಾಡಿನವರಿಗೆ ಇದು ಕಷ್ಟದ ಕೆಲಸವೇ? ಖಂಡಿತ ಅಲ್ಲ. ಯಾರೂ ಬೆಳೆಯಿರಿ ಎಂದು ಬಂದು ಹೇಳಲಿಲ್ಲ. ಕಾಡಿನಲ್ಲಿ ಪುಕ್ಕಟೆ ಸಿಗುವ ತನಕ ಬೆಳೆದದ್ದಕ್ಕೆ ಬೆಲೆ ಬರುವುದೂ ಇಲ್ಲ.

ಮಾರ್ಚ್ 3

ಗುಳಮಾವು ಕೆಂಪಗೆ ಚಿಗುರಿದೆ. ಕೆಳಗಿನ ಒಂದು ಎಲೆಯ ಮೇಲೆ ದಪ್ಪ ಹೆಗಲಿನ ಹಸಿರು ಕಂಬಳಿಹುಳು. ಬ್ಲೂಬಾಟಲ್ ಚಿಟ್ಟೆಯದು. ಕಪ್ಪು ರೆಕ್ಕೆಯ ನಡುವೆ ತಿಳಿನೀಲಿ ಪಟ್ಟೆ ಇರುವ ಆ ಚಿಟ್ಟೆ ಹಳ್ಳದ ಒದ್ದೆ ಮರಳಿನ ಮೇಲೆ ಕೂತಿದ್ದನ್ನು ಎಲ್ಲರೂ ಕಂಡಿರುತ್ತಾರೆ. ಅದರ ಮರಿ ಹೆಚ್ಚಾಗಿ ತಿನ್ನುವುದು ಲಾರೇಸಿ ಕುಟುಂಬದ ಎಲೆಯನ್ನು. ಗುಳಮಾವು, ಕಾಡುದಾಲ್ಚಿನ್ನಿ ಯಾವುದಾದರೂ ಸರಿ, ಈ ಮನೆತನ ದಾಟಿ ಅದು ಉಣ್ಣುವುದು ಕಡಿಮೆ.

ಕಾಡುದಾಲ್ಚಿನ್ನಿಯ ಪಾಡೂ ಬೇರೆಯಲ್ಲ. ಮಸಾಲೆಗೆ ಹಾಕುವ ದಾಲ್ಚಿನ್ನಿ ಮೊಗ್ಗು ಅದರ ಎಳೆಕಾಯಿ. ಕಾಯಿ ಕೊಯ್ಯಲು ಕೊಂಬೆಯನ್ನೇ ಕಡಿಯುತ್ತಾರೆ, ಕೆಲವು ಕಡೆ ಮರವನ್ನೇ ಉರುಳಿಸುತ್ತಾರೆ. ಬೀಜವಾಗಬೇಕಾದದ್ದು ಡಬ್ಬಿ ಸೇರಿತು, ಮರ ಒಲೆ ಸೇರಿತು. ಬಿಸಿಬೇಳೆಬಾತಿನ ಪುಡಿ ಮಾಡುವಾಗ ಈಗ ಆ ಮೊಗ್ಗನ್ನು ಬಿಟ್ಟೇ ಮಾಡುತ್ತೇನೆ.

ಏಪ್ರಿಲ್ 6

ಕತ್ತಲೆಕಾನಿಗೆ ಹೋಗಿದ್ದೆವು, ನಾನು, ತಮ್ಮ, ಅವನ ಮಗಳು. ಜೋಗದಿಂದ ಹೊನ್ನಾವರದ ದಾರಿಯಲ್ಲಿ, ಸಿದ್ದಾಪುರ ತಾಲ್ಲೂಕಿನಲ್ಲಿ ಬರುತ್ತದೆ. ಹೊರಗೆ ಬೇಸಿಗೆ ಸುಡುತ್ತಿದ್ದರೂ ಒಳಗೆ ಕಾಲಿಟ್ಟರೆ ಕೆಸರು, ನೀರು, ನೆಲದಿಂದ ಎದ್ದ ಕಾಡುಜಾಯಿಕಾಯಿಯ ಬೇರಿನ ಕಮಾನು. ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಮರ ವಿಜ್ಞಾನಕ್ಕೆ ಪರಿಚಯವಾದದ್ದು ಇಲ್ಲಿಂದಲೇ, 2000ದಲ್ಲಿ. ಅಷ್ಟು ದೊಡ್ಡ ಮರ ಅಷ್ಟು ವರ್ಷ ಹೆಸರಿಲ್ಲದೆ ನಿಂತಿತ್ತು ಅಂದರೆ ಇನ್ನೂ ಏನೇನಿದೆಯೋ.

ಸಂಜೆ ಓದಿದ್ದು: 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಸೊರಬದ ಕಾನುಗಳ ಬಗ್ಗೆ ಸರಕಾರಕ್ಕೆ ವರದಿ ಕೊಟ್ಟಿದ್ದರು. ಬ್ರಾಂಡಿಸ್ ಆಗ ದೇಶದ ಅರಣ್ಯ ಇಲಾಖೆಯ ಮುಖ್ಯಸ್ಥ. ನೀರಿನ ಮೂಲವಾಗಿ, ಮೆಣಸಿನ ಬಳ್ಳಿಯ ಆಸರೆಯಾಗಿ, ದೇವರ ಜಾಗವಾಗಿ ಊರವರು ಕಾಯ್ದುಕೊಂಡಿದ್ದ ದಟ್ಟಕಾಡೇ ಕಾನು. ಕಾನಿಗೆ ಹಕ್ಕುದಾರರಿದ್ದರು, ಕಟ್ಟುಪಾಡಿತ್ತು. ಆ ಕಟ್ಟುಪಾಡು ಸಡಿಲವಾದ ಮೇಲೆ ಬಂದ ಲಾರಿಯೇ ಅಡಿಕೆ ಕೊಯ್ಲಿನ ಹಿರಿಯರು ಹೇಳಿದ ಲಾರಿ ಎಂದು ನನಗನ್ನಿಸುತ್ತದೆ.

ಮೇ 12

ಹಣ್ಣಾಗಿದೆ! ಗೋಲಿಯಷ್ಟಿನ ಹಸಿರು ಕಾಯಿ ಕಪ್ಪಾಗಿದೆ, ತೊಟ್ಟಿನ ಬಳಿ ಹೂವಿನ ಎಸಳು ಇನ್ನೂ ಅಂಟಿಕೊಂಡಿದೆ. ಬೆಳಗ್ಗೆಯಿಂದ ಮರದಡಿ ಕೂತಿದ್ದೆ. ಮೊದಲು ಬಂದದ್ದು ಕಾಡುಪಾರಿವಾಳಗಳು. ಆಮೇಲೆ ಒಂದು ಮಲಬಾರ್ ಬೂದು ಮಂಗಟ್ಟೆ, ನಗುವ ಹಾಗೆ ಕೂಗುತ್ತ. ಹಣ್ಣು ಕೊಕ್ಕಿನ ತುದಿಯಲ್ಲಿ ಹಿಡಿದು, ತಲೆ ಎತ್ತಿ ಗಂಟಲಿಗೆ ಎಸೆದುಕೊಳ್ಳುವುದು ನೋಡುವಂಥದ್ದು.

ಮಂಗಟ್ಟೆಯ ಹೆಣ್ಣು ಮರದ ಪೊಟರೆಯೊಳಗೆ ಕೂತು ಪೊಟರೆಯ ಬಾಯಿಯನ್ನು ಸೀಳಿನಷ್ಟು ಬಿಟ್ಟು ಮುಚ್ಚಿಕೊಳ್ಳುತ್ತದೆ. ತಿಂಗಳುಗಟ್ಟಲೆ ಅದಕ್ಕೂ ಮರಿಗೂ ಗಂಡೇ ಊಟ ತರಬೇಕು. ಲಾರೇಸಿ ಹಣ್ಣಿನಲ್ಲಿ ಕೊಬ್ಬಿನಂಶ ಜಾಸ್ತಿ. ಬೆಣ್ಣೆಹಣ್ಣಿನ ಮನೆತನ ಅಲ್ಲವೇ. ಆಲ, ಬಸರಿಯ ಹಣ್ಣು ಹೊಟ್ಟೆ ತುಂಬಿಸುತ್ತದೆ, ಈ ಹಣ್ಣು ಮೈ ಕೊಡುತ್ತದೆ. ತಿರುಳು ಕರಗಿದ ಮೇಲೆ ಬೀಜವನ್ನು ಹಕ್ಕಿ ಎಲ್ಲೋ ದೂರ ಉಗುಳುತ್ತದೆ. ಗುಡ್ಡದಿಂದ ಗುಡ್ಡಕ್ಕೆ ಗುಳಮಾವು ಹೋಗುವುದು ಹೀಗೆ. ಸುತ್ತಮುತ್ತ ಮರ ಒಂದೇ ಉಳಿದರೆ ಹಕ್ಕಿ ಅದಕ್ಕಾಗಿ ಎಷ್ಟು ಸಲ ಈ ಕಡೆ ಬಂದೀತು?

ಮೇ 14

ಮರದಡಿ ಬಿದ್ದ ಹಣ್ಣು ಆರಿಸಿ ತಂದೆವು. ತಮ್ಮನ ಮಗಳೂ ಅವಳ ಗೆಳತಿಯರೂ ಸೇರಿ ತಿರುಳು ತಿಕ್ಕಿ ತೊಳೆದರು. ಅಂಗಳದಲ್ಲಿ ಬಿಸಿಲಿಗೆ ಹರವಲು ಹೊರಟಿದ್ದರು, ತಡೆದೆ. ಭತ್ತ, ರಾಗಿ, ಹೆಸರು ಒಣಗಿಸಿ ಪಣತದಲ್ಲಿ ಇಟ್ಟರೆ ಬರುವ ಮಳೆಗೂ ಮೊಳೆಯುತ್ತವೆ. ಗುಳಮಾವಿನ ಬೀಜಕ್ಕೆ ಒಣಗುವುದೇ ಸಾವು. ಒಳಗಿನ ತೇವ ಇಳಿದರೆ ಮೊಳಕೆಯ ಶಕ್ತಿ ಹೋಯಿತು. ಹಾಗಾಗಿ ತಂದ ದಿನವೇ ಬಿತ್ತಬೇಕು. ಕಾಡುಮಣ್ಣು, ಮರಳು, ಕೊಳೆತ ದರಗು ಸೇರಿಸಿ ಚೀಲ ತುಂಬಿದೆವು. ಬಚ್ಚಲ ಹಿಂದಿನ ನೆರಳಿನಲ್ಲಿ ಇಟ್ಟು, ಮೇಲೆ ದರಗು ಹೊದಿಸಿದ್ದಾಯಿತು. ನೀರು ಕೊಡುವ ಜವಾಬ್ದಾರಿ ಹುಡುಗಿಯದು.

ಜೂನ್ 13

ಮೃಗಶಿರಾ ಮಳೆ ಹಿಡಿದಿದೆ. ಮಧ್ಯಾಹ್ನ ಮಳೆ ಬಿಟ್ಟ ಹೊತ್ತಿಗೆ ಬೈಕಿನಲ್ಲಿ ಒಬ್ಬ ಬಂದ. ಜಿಗಟು ತೊಗಟೆ ಬೇಕು, ಬೆಟ್ಟದ ಮರ ನೋಡಿದ್ದೇನೆ, ಒಳ್ಳೆಯ ರೇಟು ಕೊಡುತ್ತೇನೆ ಅಂದ. ತಮ್ಮ ಒಂದು ಗಳಿಗೆ ಸುಮ್ಮನಾದ. ಅವನ ಮೌನ ನನಗೆ ಅರ್ಥವಾಗುತ್ತದೆ. ಎಲೆಚುಕ್ಕೆ ರೋಗ ತೋಟಕ್ಕೆ ಬಂದಾಗಿನಿಂದ ಹಿಂಗಾರ ಒಣಗಿ ಫಸಲು ಇಳಿದಿದೆ, ಔಷಧಿ ಹೊಡೆಸಿದ ಕೂಲಿಯೇ ಮೈಮೇಲಿದೆ.

ಒಳಗೆ ಬಂದು ಕೇಳಿದ: "ಎಂತ ಮಾಡೋದೇ ಅಕ್ಕ? ಅವನೇ ಸುಲ್ಕೊಂಡು ಹೋಗ್ತಾನಂತೆ."

"ಬೆಟ್ಟದಲ್ಲಿ ನಮಗಿರೋದು ಸೊಪ್ಪು, ದರಗಿನ ಹಕ್ಕು ಮಾರಾಯ. ನೆಲ ಸರಕಾರದ್ದು. ಮರದ ತೊಗಟೆ ಮಾರೋಕೆ ನಾವು ಯಾರು?"

"ಅದು ಗೊತ್ತಿದ್ದದ್ದೇ. ನೀನು ಬೇಡ ಅನ್ನೋದು ಅದಕ್ಕಲ್ಲ."

"ಅಲ್ಲ. ಅದು ಹೋದರೆ ಈ ಗುಡ್ಡದಲ್ಲಿ ಬೀಜಕ್ಕೆ ಇನ್ನೊಂದು ಮರ ಇಲ್ಲ."

ಅವನು ಹೊರಗೆ ಹೋಗಿ, ಆಗುವುದಿಲ್ಲ ಎಂದು ಹೇಳಿದ. ಬೈಕಿನವನು ಜಗಳ ಮಾಡಲಿಲ್ಲ. ಫೋನ್ ನಂಬರ್ ಬರೆದುಕೊಟ್ಟು ಹೋದ. ಕಾಯುವ ಅಭ್ಯಾಸ ಇದ್ದವನು.

ರಾತ್ರಿ ತಮ್ಮನಿಗೆ ಇನ್ನೊಂದು ಮಾತು ಹೇಳಿದೆ. ಕಾಂಡದ ಒಂದೇ ಬದಿಯಲ್ಲಿ, ಉದ್ದನೆಯ ಸಣ್ಣ ಪಟ್ಟಿಯಷ್ಟು ಮಾತ್ರ ತೆಗೆದು, ಕಟ್ಟಿಗೆಗೆ ಕತ್ತಿ ತಾಗಿಸದೆ ಬಿಟ್ಟರೆ ಮರ ಗಾಯ ಮುಚ್ಚಿಕೊಳ್ಳುತ್ತದೆ. ಅದು ಮುಚ್ಚುವ ತನಕ ಇನ್ನೊಂದು ಬದಿ ಮುಟ್ಟಬಾರದು. ನಮ್ಮದೇ ಹಿಡುವಳಿಯಲ್ಲಿ ಬೆಳೆಸಿದ ಮರದಲ್ಲಿ ಹಾಗೆ ಮಾಡಬಹುದು. ನಮ್ಮ ಕಾಲಕ್ಕೆ ಅಲ್ಲ, ಹುಡುಗಿಯ ಕಾಲಕ್ಕೆ. ಅವನು ಲೆಕ್ಕದ ಪುಸ್ತಕ ಮುಚ್ಚಿ, "ಹಾಗಾದರೆ ಬೇಲಿಸಾಲಿಗೆ ನೆಡೋಣ" ಅಂದ.

ಜುಲೈ 5

ಮೊಳಕೆ ಬಂದಿವೆ. ಎಲ್ಲವೂ ಅಲ್ಲ, ಆದರೆ ಸಾಕಷ್ಟು. ಮೊದಲ ಎಲೆಗೇ ಕೆಂಪು ಬಣ್ಣ, ದೊಡ್ಡ ಮರದ ಚಿಗುರಿನದೇ ಬಣ್ಣ.

ಪಂಚಾಯ್ತಿಗೆ ಹೋಗಿ ಜೀವವೈವಿಧ್ಯ ನಿರ್ವಹಣಾ ಸಮಿತಿಯ ದಾಖಲೆ ಪುಸ್ತಕ ಕೇಳಿದೆ. 2002ರ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಈ ಸಮಿತಿ ಇರಬೇಕು, ಊರಿನ ಗಿಡಮರಗಳ ಜನತಾ ದಾಖಲಾತಿ ಬರೆದಿಡಬೇಕು. ತನ್ನ ವ್ಯಾಪ್ತಿಯಲ್ಲಿ ವ್ಯಾಪಾರಕ್ಕಾಗಿ ಸಂಗ್ರಹ ಮಾಡುವವರಿಂದ ಶುಲ್ಕ ವಸೂಲಿ ಮಾಡುವ ಅಧಿಕಾರವೂ ಸಮಿತಿಗಿದೆ. ಅಂದರೆ ರಸ್ತೆ ಮೇಲೆ ನಿಂತ ಲಾರಿಯನ್ನು, ಏನು ಒಯ್ಯುತ್ತೀರಿ, ಎಷ್ಟು, ಎಲ್ಲಿಂದ ಎಂದು ಕೇಳುವ ಹಕ್ಕು ಊರಿಗೆ ಇದೆ. ಪುಸ್ತಕ ಬೀರುವಿನಲ್ಲಿತ್ತು. ಗುಳಮಾವಿನ ಹೆಸರು ಅದರಲ್ಲಿರಲಿಲ್ಲ. ಸೇರಿಸಲು ಅರ್ಜಿ ಬರೆದುಕೊಟ್ಟೆ: ಇರುವ ಜಾಗ, ಹೂ ಬಿಡುವ ತಿಂಗಳು, ಹಣ್ಣಿನ ತಿಂಗಳು, ಬರುವ ಹಕ್ಕಿಗಳು, ಗುಡ್ಡದಾಚೆ ಸತ್ತು ನಿಂತ ಮರಗಳು. ಮುಂದಿನ ಸಭೆಯಲ್ಲಿ ಇಡುತ್ತೇವೆ ಎಂದಿದ್ದಾರೆ. ಸಭೆಗೆ ನಾನೂ ಹೋಗುತ್ತೇನೆ.

ಜುಲೈ 21

ಸುಲಿದ ಮರಗಳ ಕಥೆ ಹೇಳಿದ ಹಿರಿಯರೇ ಇವತ್ತು ಗುಂಡಿ ತೋಡಿದರು. ಈ ಎಳೆಯ ಸಸಿಗಳನ್ನು ಈಗಲೇ ಬೆಟ್ಟಕ್ಕೆ ಒಯ್ಯುವುದಿಲ್ಲ, ಒಂದು ವರ್ಷ ಚೀಲದಲ್ಲೇ ಬಲಿಯಲಿ. ಗುಂಡಿ ಈ ಮಳೆಯಲ್ಲಿ ತೆಗೆದಿಟ್ಟರೆ ದರಗು ತುಂಬಿ ಕೊಳೆತು ಮಣ್ಣು ಹದವಾಗುತ್ತದೆ. ಎಲ್ಲಿ ನೆಡಬೇಕೆಂದು ಅವರೇ ಜಾಗ ತೋರಿಸಿದರು: ಹಳ್ಳದ ಅಂಚು, ಮಧ್ಯಾಹ್ನದ ಮೇಲೆ ನೆರಳು ಬೀಳುವ ಕಡೆ. "ಹಿಂದೆ ಇಲ್ಲೇ ಇತ್ತಮ್ಮಾ, ಈ ಸಾಲಿಗೇ ಇದ್ದವು," ಅಂದರು. ಸಸಿಗೆ ಬೇಲಿ ಕಟ್ಟಲು ಬಿದಿರನ್ನೂ ಅವರೇ ತರುತ್ತಾರಂತೆ.

ಕೊಪ್ಪ, ತೀರ್ಥಹಳ್ಳಿ, ಶಿರಸಿ ಕಡೆಯ ನನ್ನ ಹಳೆಯ ವಿದ್ಯಾರ್ಥಿಗಳಿಗೆಲ್ಲ ಇವತ್ತು ಒಂದೇ ಪತ್ರ ಬರೆದೆ. ಇಲ್ಲೂ ನಕಲು ಮಾಡಿಡುತ್ತೇನೆ:

ನಿಮ್ಮ ಬೆಟ್ಟದಲ್ಲಿ, ಕಾನಿನಲ್ಲಿ ಗುಳಮಾವು ಇದೆಯೇ ನೋಡಿ. ಇದ್ದರೆ ಅದರ ಹೆಸರನ್ನು ನಿಮ್ಮ ಪಂಚಾಯ್ತಿಯ ದಾಖಲಾತಿಯಲ್ಲಿ ಬರೆಸಿ. ಮೇ ತಿಂಗಳಲ್ಲಿ ಮರದಡಿ ಹೋಗಿ. ಬಿದ್ದ ಹಣ್ಣಿನಲ್ಲಿ ಅರ್ಧವನ್ನು ಹಕ್ಕಿಗೆ ಬಿಟ್ಟು ಉಳಿದರ್ಧ ತನ್ನಿ, ತೊಳೆದು ಅದೇ ದಿನ ಬಿತ್ತಿ, ಬಿಸಿಲಿಗೆ ಮಾತ್ರ ಹಾಕಬೇಡಿ. ತೊಗಟೆ ಕೇಳಿಕೊಂಡು ಯಾರಾದರೂ ಬಂದರೆ ಊರವರಿಗೂ ಅರಣ್ಯ ಇಲಾಖೆಗೂ ತಿಳಿಸಿ. ಬೀಜ ಬೇಕಾದವರು ನನಗೆ ಬರೆಯಿರಿ, ಬರುವ ಮೇನಲ್ಲಿ ಕಳಿಸುತ್ತೇನೆ.